ರಸ್ತೆಯಾಚೆಯ ನಂಬರು

ಮಧ್ಯಾಹ್ನ ಎರಡೂ ಹತ್ತಕ್ಕೆ ಹಡಗು ಕಂಪನಿಯ ಉತ್ತರ ಬಂತು. ಮೂರು ವಾರದಲ್ಲಿ ನಾನು ಬರೆದಿದ್ದ ಏಳು ಇಮೇಲ್‌ಗಳಿಗೆ ಸೇರಿಸಿ ಎರಡೇ ಸಾಲು. 'ಈ ಡೆಪಾಸಿಟ್ ಬೇರೆ ಏಜೆನ್ಸಿಯ ನಂಬರಿನಲ್ಲಿರುವುದರಿಂದ ನಿಮ್ಮ ಬುಕಿಂಗ್‌ಗೆ ಜೋಡಿಸಲಾಗದು. ಇದರ ಅವಧಿ ಇಂದು ಸಂಜೆ ಐದು ಗಂಟೆಗೆ ಮುಗಿಯುತ್ತದೆ.' ಸಾಲದ್ದಕ್ಕೆ, ಗಾಯದ ಮೇಲೆ ಬರೆ ಎಳೆದ ಹಾಗೆ, ಕೆಳಗೆ 'ನಿಮ್ಮ ದಿನ ಶುಭವಾಗಿರಲಿ' ಎಂದು ಬೇರೆ ಹಾರೈಸಿದ್ದರು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುವಂಥದ್ದು. ಚಿಕ್ಕಂದಿನಿಂದ ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದೇ ಕಡ್ಡಿಪೆಟ್ಟಿಗೆ ಎಂದು. ಬೇರೆ ದಿನವಾಗಿದ್ದರೆ ಫೋನ್ ಎತ್ತಿ ಆ ಕಂಪನಿಯವರ ಜನ್ಮ ಜಾಲಾಡಿಬಿಡುತ್ತಿದ್ದೆ. ಈ ಹೊತ್ತು ಫೋನ್ ಮುಟ್ಟಲಿಲ್ಲ. ಏಕೆಂದರೆ ಮೇಜಿನ ಆಚೆ ಬದಿಯ ಎರಡು ಕುರ್ಚಿಗಳಲ್ಲಿ ಗಡಿಯಾರ ರಿಪೇರಿಯವರೂ ಅವರ ಹೆಂಡತಿಯೂ ಕೂತು, ನಾನು ಟಿಕೆಟ್ ಕೈಗೆ ಕೊಡುತ್ತೇನೆಂದು ಕಾಯುತ್ತಿದ್ದರು.

"ಬಂತೇನಮ್ಮಾ?" ಎಂದರು ಗಡಿಯಾರದವರು.

"ಬರ್ತಾ ಇದೆ," ಎಂದೆ. ನನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು.

ಗಡಿಯಾರದವರ ಅಂಗಡಿ ನಮ್ಮದೇ ಬೀದಿಯ ಕೊನೆಯಲ್ಲಿ, ಮೆಟ್ಟಿಲುಗಳ ಕೆಳಗಿನ ಒಂದು ಗೂಡು. ಹೆಂಡತಿ ನಲವತ್ತು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಿದವರು. ಅಲ್ಲಿಯ ಕೆಲಸಗಾರರು ಪ್ರೂಫಮ್ಮ ಎಂದು ಕರೆದರು, ಕೊನೆಗೆ ಇಡೀ ಬೀದಿಗೇ ಅವರು ಪ್ರೂಫಮ್ಮ ಆದರು. ಈಗಲೂ ನನ್ನ ಆಫೀಸಿಗೆ ಬಂದರೆ ಸುಮ್ಮನೆ ಕೂರುವವರಲ್ಲ. ಪ್ರವಾಸದ ಕರಪತ್ರ ಎತ್ತಿಕೊಂಡು, ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟು ಓದಿ, "ಇಲ್ಲಿ ಏಳು ರಾತ್ರಿ ಅಂತಿದೆ, ಕೆಳಗಡೆ ಎಣಿಸಿದ್ರೆ ಆರೇ ಇದೆ, ಒಂದು ರಾತ್ರಿ ಯಾರು ನುಂಗಿದ್ರು?" ಎಂದು ಕೇಳುತ್ತಾರೆ. ಆದರೆ ಆ ಕಣ್ಣುಗಳು ಒಂದೂವರೆ ವರ್ಷದಿಂದ ಅಂಚುಗಳಿಂದ ಮುಚ್ಚಿಕೊಳ್ಳುತ್ತಾ ಬರುತ್ತಿವೆ. ನೇರ ಎದುರಿಗಿದ್ದದ್ದು ಕಾಣುತ್ತದೆ, ಪಕ್ಕದ್ದು ಇಲ್ಲ. ಇವತ್ತು ಒಳಗೆ ಬರುವಾಗಲೂ ಬಾಗಿಲ ಪಕ್ಕದ ಛತ್ರಿ ಸ್ಟ್ಯಾಂಡಿಗೆ ಮೊಣಕಾಲು ಹೊಡೆಸಿಕೊಂಡರು. ಮುಂದಿನ ವರ್ಷದ ಮಾತು ಎತ್ತಬೇಡಿ, ನೋಡಬೇಕಾದ್ದನ್ನು ಈಗಲೇ ನೋಡಿಬಿಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಅವರಿಗೆ ನೋಡಬೇಕಾಗಿದ್ದದ್ದು ಒಂದೇ, ಹಿಮದ ಗೋಡೆ. ಎರಡು ವರ್ಷದ ಹಿಂದೆ ಇಬ್ಬರೂ ಜೀವನದ ಮೊದಲ ಕ್ರೂಸ್ ಹೋಗಿದ್ದರು. ಸಮುದ್ರದ ತುದಿಯಲ್ಲಿ ಹಿಮ ನೇರ ನೀರಿಗೆ ಇಳಿಯುವ ಜಾಗ, ಎಂಟು ಮಹಡಿಯಷ್ಟು ಎತ್ತರದ ನೀಲಿ ಗೋಡೆ. ಅದರ ಎದುರು ಹಡಗು ಎರಡು ಗಂಟೆ ನಿಲ್ಲುತ್ತದೆ. ಇವರು ಹೋದ ದಿನ ಮಂಜು ಕವಿದು ಕೈಯೆದುರಿನ ಕಂಬಿಯೂ ಕಾಣಲಿಲ್ಲವಂತೆ. ಗೋಡೆ ಬಿರುಕು ಬಿಟ್ಟು ನೀರಿಗೆ ಬೀಳುವ ಸದ್ದು ಮಾತ್ರ ಕೇಳಿತಂತೆ. ಪ್ರೂಫಮ್ಮ ಅಲ್ಲಿಂದ ನೆಟ್ಟಗೆ ಕೆಳಗಿಳಿದು ಬಂದು, ಮುಂದಿನ ಪ್ರಯಾಣದ ಡೆಪಾಸಿಟ್ ಕಟ್ಟಿಬಿಟ್ಟಿದ್ದರು. "ಬರೀ ಕಿವಿಗೆ ಹಾಕಿ ಕಳಿಸಿದ್ರೆ ಆಯ್ತಾ? ಕಣ್ಣಿಗೂ ತೋರಿಸ್ಲಿ," ಎಂದಿದ್ದರಂತೆ.

ಈ ಡೆಪಾಸಿಟ್ ಎಂಬುದು ಹಡಗಿನವರ ಜಾಣತನ. ಪ್ರಯಾಣ ಮುಗಿಯುವ ಮುಂಚೆ, ಜನರ ಮನಸ್ಸು ಇನ್ನೂ ನೀರಿನ ಮೇಲಿರುವಾಗಲೇ, ಹಡಗಿನೊಳಗೇ ಒಂದು ಮೇಜು ಹಾಕಿ ಮುಂದಿನ ಪ್ರಯಾಣಕ್ಕೆಂದು ಸಣ್ಣ ಮೊತ್ತ ಕಟ್ಟಿಸಿಕೊಳ್ಳುತ್ತಾರೆ. ಯಾವ ಹಡಗು, ಯಾವ ತಿಂಗಳು ಎಂದು ಆಗಲೇ ಹೇಳಬೇಕಿಲ್ಲ. ಎರಡು ವರ್ಷದೊಳಗೆ ಯಾವುದಾದರೂ ಬುಕಿಂಗ್‌ಗೆ ಅದನ್ನು ಜೋಡಿಸಿದರೆ ಮೂರನೇ ಒಂದು ಭಾಗ ರಿಯಾಯಿತಿ. ಜೋಡಿಸದಿದ್ದರೆ ಕಟ್ಟಿದ ಹಣ ವಾಪಸ್, ರಿಯಾಯಿತಿ ಮಾತ್ರ ಕೈಬಿಟ್ಟು ಹೋದಂತೆ. ರಿಯಾಯಿತಿ ಇಲ್ಲದೆ ಗಡಿಯಾರದವರಿಗೆ ಈ ಪ್ರಯಾಣ ಕನಸಿನ ಮಾತು. ಅಂಗಡಿಯಲ್ಲಿದ್ದ ಒಂದೇ ಒಂದು ಬೆಲೆಬಾಳುವ ನಿಲುವುಗಡಿಯಾರವನ್ನು ಮಾರಿ, ಉಳಿದದ್ದನ್ನು ಅವರು ಹೊಂದಿಸಿಟ್ಟಿದ್ದರು.

ಆ ಮೇಜಿನವರು ಇನ್ನೊಂದು ವಿಷಯವನ್ನೂ ಬರೆದುಕೊಳ್ಳುತ್ತಾರೆ. ಈ ಪ್ರಯಾಣಿಕರು ಯಾವ ಏಜೆಂಟ್ ಮೂಲಕ ಬಂದವರು ಎಂದು. ಆ ಏಜೆಂಟ್ ನಂಬರು ಡೆಪಾಸಿಟ್‌ಗೆ ಅಂಟಿಕೊಳ್ಳುತ್ತದೆ. ಬದಲಾಯಿಸಬೇಕಿದ್ದರೆ ಅರವತ್ತು ದಿನದೊಳಗೆ ಪ್ರಯಾಣಿಕರು ಪತ್ರ ಕೊಡಬೇಕು. ಆ ದಿನಗಳು ಕಳೆದವೋ, ಆ ಏಜೆಂಟ್ ಬಿಟ್ಟರೆ ಇನ್ನು ಯಾರೂ ಅದನ್ನು ಮುಟ್ಟುವಂತಿಲ್ಲ.

ಆ ನಂಬರು ರಸ್ತೆಯ ಆಚೆ ಬದಿಯಲ್ಲಿತ್ತು, ನನ್ನ ಅಕ್ಕನ ಆಫೀಸಿನಲ್ಲಿ.

ಅಕ್ಕ ನಾನು ಸೇರಿ ಹದಿನೈದು ವರ್ಷ ಒಂದೇ ಏಜೆನ್ಸಿ ನಡೆಸಿದವರು. ಎರಡು ಮೇಜು, ಒಂದು ನಂಬರು. ಜಗಳಕ್ಕೆ ಕಾರಣ ಒಂದು ಶಾಲೆಯ ಟೀಚರುಗಳ ಗುಂಪು. ಮೂವತ್ತೆರಡು ಜನ ಬಂದರಿಗೆ ಹೋದರು, ಹನ್ನೊಂದು ಜನರ ಪಾಸ್‌ಪೋರ್ಟ್ ಅವಧಿ ಸಾಲದೆಂದು ಅಲ್ಲೇ ತಡೆದು ನಿಲ್ಲಿಸಿದರು. ಮರುದಿನ ಹೆಡ್‌ಮೇಡಂ ಬಂದು ಕೂಗಾಡಿದಾಗ ಅಕ್ಕ ನನ್ನ ಎದುರಿಗೇ, "ಪಾಸ್‌ಪೋರ್ಟ್ ನೋಡೋದು ನನ್ನ ತಂಗಿ ಕೆಲಸ," ಎಂದುಬಿಟ್ಟಳು. ನಿಜ ಹೇಳಬೇಕೆಂದರೆ ಅವಳು ನೋಡಿದ್ದಾಳೆಂದು ನಾನು, ನಾನು ನೋಡಿದ್ದೇನೆಂದು ಅವಳು, ಇಬ್ಬರೂ ನೋಡಿರಲಿಲ್ಲ. ನಾನು ಅರ್ಧ ಫೈಲುಗಳನ್ನು ಬಗಲಿಗೇರಿಸಿಕೊಂಡು ಹೊರಬಿದ್ದೆ. ಊರಲ್ಲಿ ಬೇರೆ ಎಲ್ಲೂ ಜಾಗ ಸಿಗಲಿಲ್ಲವೇ ಎಂದರೆ ಸಿಗುತ್ತಿತ್ತು. ಅವಳ ಕಣ್ಣಿಗೆ ದಿನಾ ಬೀಳಬೇಕೆಂದೇ ಸರಿಯಾಗಿ ಎದುರಿಗೆ ಅಂಗಡಿ ಹಿಡಿದೆ.

ಗಡಿಯಾರದವರು ಮೊದಲ ಪ್ರಯಾಣದಿಂದ ಬಂದು ಆಗ ಬರೀ ಒಂದು ತಿಂಗಳಾಗಿತ್ತು. ನಾನು ನನ್ನ ಕಡೆ ಬಂದ ಗಿರಾಕಿಗಳಿಗೆಲ್ಲ ಬುಕಿಂಗ್ ವರ್ಗಾವಣೆಯ ಪತ್ರಕ್ಕೆ ಸಹಿ ಹಾಕಿಸಿ ಕಳಿಸಿದೆ. ಇವರದ್ದು ಮಾತ್ರ ಕಳಿಸಲಿಲ್ಲ. ಇವರಿಗೆ ಬುಕಿಂಗ್ ಇರಲಿಲ್ಲ, ಡೆಪಾಸಿಟ್ ಇತ್ತು ಅಷ್ಟೆ. ಡೆಪಾಸಿಟ್ ಪ್ರಯಾಣಿಕರ ಹಿಂದೆ ತಾನಾಗಿ ಬರುತ್ತದೆ ಅಂದುಕೊಂಡೆ. ಹದಿನೈದು ವರ್ಷ ಒಂದೇ ನಂಬರಿನ ಕೆಳಗೆ ಕೆಲಸ ಮಾಡಿದವಳಿಗೆ, ನಂಬರು ಯಾರದು ಎಂಬ ಪ್ರಶ್ನೆ ಒಮ್ಮೆಯೂ ಎದುರಾಗಿರಲಿಲ್ಲ.

ಮೂರು ವಾರದ ಹಿಂದೆ ಹಿಮದ ಗೋಡೆಗೆ ಹೋಗುವ ಈ ವರ್ಷದ ಕೊನೆಯ ಹಡಗಿನಲ್ಲಿ, ಬಾಲ್ಕನಿ ಇರುವ ಕ್ಯಾಬಿನ್‌ಗಳು ಇನ್ನೂ ಕೆಲವು ಉಳಿದಿದ್ದವು. ಒಂದನ್ನು ನನ್ನ ಹೊಸ ನಂಬರಿನಲ್ಲಿ ಹಿಡಿದಿಟ್ಟೆ. ಡೆಪಾಸಿಟ್ ಜೋಡಿಸಲು ಹೋದಾಗ 'ಬೇರೆ ಏಜೆನ್ಸಿಯ ನಂಬರು' ಎಂದು ಕೆಂಪು ಅಕ್ಷರ ಬಂತು. ಆ ದಿನವೇ ನನಗೆ ಎಲ್ಲ ಗೊತ್ತಾಯಿತು. ರಸ್ತೆ ದಾಟಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ದಾಟಲಿಲ್ಲ. ಕಂಪನಿಗೆ ಬರೆದರೆ ಬಗ್ಗುತ್ತಾರೆ ಎಂದು ಹಟ ಹಿಡಿದು ಕೂತೆ, ಇವರಿಗೆ "ಎಲ್ಲಾ ಆಗಿದೆ, ಕಾಗದ ಬರೋದೊಂದು ಬಾಕಿ" ಎಂದು ಹೇಳುತ್ತಾ ಬಂದೆ.

"ಒಂದು ಹತ್ತು ನಿಮಿಷ ಕೂತಿರಿ," ಎಂದು ಎದ್ದೆ. "ಎದುರುಗಡೆ ಒಂದು ಸಣ್ಣ ಕೆಲಸ ಇದೆ."

"ಎದುರುಗಡೇನಾ?" ಪ್ರೂಫಮ್ಮ ಮುಖ ಮೇಲೆತ್ತಿದರು. ನಮ್ಮಿಬ್ಬರ ಸುದ್ದಿ ಬೀದಿಗೆಲ್ಲ ಗೊತ್ತಿದ್ದದ್ದೇ.

ಅಕ್ಕನ ಆಫೀಸಿನ ಬಾಗಿಲು ಈಗಲೂ ಕೆಳಗೆ ನೆಲ ಕೆರೆಯುತ್ತದೆ, ಸ್ವಲ್ಪ ಎತ್ತಿ ತಳ್ಳಬೇಕು. ಕೈ ತಾನಾಗಿ ಎತ್ತಿ ತಳ್ಳಿತು. ಒಳಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಕೂತಿತ್ತು. ಹೆಂಡತಿಗೆ ದ್ವೀಪ ಬೇಕು, ಗಂಡನಿಗೆ ಬೆಟ್ಟ ಬೇಕು. ಅಕ್ಕ ನನ್ನನ್ನು ಕನ್ನಡಕದ ಮೇಲಿಂದ ನೋಡಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ರಸ್ತೆಯಾಚೆಯಿಂದ ಅದು ಕಂಡಿರಲಿಲ್ಲ.

"ಕೂತ್ಕೊಳ್ಳಿ," ಎಂದಳು. "ಇವರದ್ದು ಮುಗಿಸಿ ನಿಮ್ಮದು ನೋಡ್ತೀನಿ."

ಒಡಹುಟ್ಟಿದ ಅಕ್ಕ ನನಗೆ ಬಹುವಚನ ಹಚ್ಚಿದಳು! ಮೈಯೆಲ್ಲ ಉರಿಯಿತು. ಆದರೂ ಬಾಯಿ ಮುಚ್ಚಿಕೊಂಡು ಗಿರಾಕಿಗಳ ಬೆಂಚಿನ ಮೇಲೆ ಕೂತೆ. ದ್ವೀಪ ಬೆಟ್ಟಗಳ ನಡುವೆ ಇಪ್ಪತ್ತು ನಿಮಿಷ ಹೋಯಿತು. ಗೋಡೆಯ ಮೇಲೆ ಗಡಿಯಾರದವರೇ ವರ್ಷಕ್ಕೊಮ್ಮೆ ಬಂದು ಎಣ್ಣೆ ಹಾಕಿ ಹೋಗುವ ಹಳೇ ಗಡಿಯಾರ ಎರಡೂ ನಲವತ್ತೈದು ತೋರಿಸುತ್ತಿತ್ತು. ಕೊನೆಗೆ ನಾನೇ ಎದ್ದು, "ಬೆಟ್ಟ ಇರೋ ದ್ವೀಪಕ್ಕೆ ಹೋಗ್ರಪ್ಪಾ, ಬೇಕಾದಷ್ಟಿವೆ!" ಎಂದೆ. ಆ ಜೋಡಿ ಹೆದರಿ, ನಾಳೆ ಬರುತ್ತೇವೆಂದು ಎದ್ದು ಹೋಯಿತು.

"ಕಡ್ಡಿಪೆಟ್ಟಿಗೆ ಇನ್ನೂ ಒದ್ದೆ ಆಗಿಲ್ಲ," ಎಂದಳು ಅಕ್ಕ ಯಾರಿಗೋ ಹೇಳುವಂತೆ.

"ಅಕ್ಕಾ, ಜಗಳಕ್ಕೆ ಬಂದಿಲ್ಲ. ಗಡಿಯಾರದವರ ಡೆಪಾಸಿಟ್..."

ನಾನು ಮಾತು ಮುಗಿಸುವ ಮೊದಲೇ ಅವಳು ಬಲಗಡೆಯ ಡ್ರಾಯರ್ ಎಳೆದು ಮೂರು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಮೂರೂ ಹಡಗು ಕಂಪನಿಯವು. ಮೂರರ ಮೇಲೂ ಆ ಗಂಡಹೆಂಡಿರ ಹೆಸರು. ಡೆಪಾಸಿಟ್ ಅವಧಿ ಮುಗಿಯಲು ತೊಂಬತ್ತು ದಿನವಿದೆ, ಅರವತ್ತು ದಿನವಿದೆ, ಮೂವತ್ತು ದಿನವಿದೆ. ಇಂಥ ಎಚ್ಚರಿಕೆ, ನಂಬರು ಯಾರದೋ ಅವರಿಗೇ ಬರುತ್ತದೆ.

"ಮೂರು ತಿಂಗಳಿಂದ ಇದನ್ನ ಡ್ರಾಯರ್‌ನಲ್ಲಿ ಇಟ್ಕೊಂಡು ಕೂತಿದ್ದೀಯಾ?"

"ಹೌದು."

"ಅವರಿಗೆ ಒಂದು ಫೋನ್ ಮಾಡೋಕಾಗ್ಲಿಲ್ವಾ?"

"ಅವರು ನಿನ್ನ ಗಿರಾಕಿಗಳು. ಫೋನ್ ಮಾಡಿದ್ರೆ ಗಿರಾಕಿ ಕಿತ್ಕೊಂಡ್ಲು ಅಂತ ನೀನೇ ಬೀದೀಲಿ ನಿಂತು ಕೂಗ್ತಿದ್ದೆ." ಅವಳು ಕನ್ನಡಕ ತೆಗೆದು ಸೀರೆಯಂಚಿನಿಂದ ಒರೆಸಿದಳು. "ಇದಕ್ಕಾದ್ರೂ ಬರ್ತೀಯಾ ಅಂತ ಕಾದೆ. ಡೆಪಾಸಿಟ್ ನನ್ನ ಹತ್ರ, ಗಿರಾಕಿ ನಿನ್ನ ಹತ್ರ. ಬರದೆ ಎಲ್ಲಿ ಹೋಗ್ತಾಳೆ ಅಂದ್ಕೊಂಡೆ."

"ನಾನು ಬರದೇ ಇದ್ದಿದ್ರೆ?"

"ನಾಲ್ಕು ಗಂಟೆಗೆ ನಾನೇ ಬರ್ತಿದ್ದೆ."

"ಸುಳ್ಳು."

"ಇರಬಹುದು," ಎಂದಳು ಅಕ್ಕ. "ನನಗೂ ಗೊತ್ತಿಲ್ಲ."

ಅವಳನ್ನು ಬೈಯಲು ಬಾಯಿ ತೆರೆದೆ. ಆದರೆ ಯಾವ ಮುಖ ಇಟ್ಟುಕೊಂಡು ಬೈಯಲಿ? ಅವಳು ಮೂರು ತಿಂಗಳು ಕಾದಿದ್ದಳು, ನಾನು ಮೂರು ವಾರ. ಇಬ್ಬರೂ ನಮ್ಮ ಹಟಕ್ಕೆ ಆ ಹೆಂಗಸಿನ ಕಣ್ಣನ್ನು ಪಣಕ್ಕಿಟ್ಟಿದ್ದೆವು. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಡೆಪಾಸಿಟ್ ನನ್ನ ಕಡೆ ಬಿಟ್ಟುಕೊಡ್ತೀಯಾ?" ಎಂದು ಕೇಳಿದೆ.

"ಅರವತ್ತು ದಿನ ಕಳೆದ ಮೇಲೆ ನಾನೂ ಬಿಟ್ಟುಕೊಡೋಕಾಗಲ್ಲ, ಅಷ್ಟೂ ಗೊತ್ತಿಲ್ವಾ? ನನ್ನ ನಂಬರಲ್ಲೇ ಹೊಸ ಬುಕಿಂಗ್ ಆಗ್ಬೇಕು." ಅವಳು ಆಗಲೇ ಕಂಪ್ಯೂಟರಿನಲ್ಲಿ ಆ ಹಡಗನ್ನು ತೆರೆದಿದ್ದಳು. ತೆರೆಯುವುದೇನು, ಅದು ಬೆಳಗಿನಿಂದ ತೆರೆದೇ ಇದ್ದಂತಿತ್ತು. "ಹಡಗು ಭರ್ತಿ. ಒಂದೂ ಕ್ಯಾಬಿನ್ ಇಲ್ಲ. ನೀನು ಬಾಲ್ಕನಿ ಹಿಡಿದಿಟ್ಟಿದ್ದೀಯಾ ಅಂತ ಪ್ರೂಫಮ್ಮ ಬೀದಿಗೆಲ್ಲ ಹೇಳಿದ್ದಾರೆ, ಅದೊಂದೇ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ಕಸುಬಿನಲ್ಲಿ ಬೆಳೆದವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. ನಾನು ನನ್ನ ಬುಕಿಂಗ್ ರದ್ದು ಮಾಡಬೇಕು. ಆ ಕ್ಯಾಬಿನ್ ಖಾಲಿಯೆಂದು ಕಂಪನಿಯ ಪಟ್ಟಿಗೆ ವಾಪಸ್ ಬರುತ್ತದೆ, ಒಮ್ಮೊಮ್ಮೆ ತಕ್ಷಣ, ಒಮ್ಮೊಮ್ಮೆ ಐದು ನಿಮಿಷಕ್ಕೆ. ಬಂದ ಕ್ಷಣ ಅಕ್ಕ ಅದನ್ನು ಎತ್ತಿಕೊಳ್ಳಬೇಕು. ನಡುವಿನ ಆ ಹೊತ್ತಿನಲ್ಲಿ ಅದು ಯಾರಪ್ಪನ ಸ್ವತ್ತೂ ಅಲ್ಲ. ಯಾವುದೋ ದೇಶದ ಯಾವುದೋ ಏಜೆಂಟ್ ಬೆರಳು ಒತ್ತಿದರೆ ಹೋಯಿತು.

"ಇಲ್ಲಿಂದಲೇ ರದ್ದು ಮಾಡು," ಎಂದಳು.

"ನನ್ನ ಲಾಗಿನ್ ನನ್ನ ಕಂಪ್ಯೂಟರಿನಲ್ಲಿ ಬಿಟ್ಟು ಬೇರೆ ಕಡೆ ತೆರೆಯಲ್ಲ."

"ಹಾಗಾದ್ರೆ ಹೋಗು. ಫೋನ್‌ನಲ್ಲಿ ಇರೋಣ." ನಾನು ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕೇಳಿದಳು, "ನಾನು ಹಿಡೀಲಿಲ್ಲ ಅಂದ್ರೆ?"

ನಾನು ಬಾಗಿಲು ಎತ್ತಿ ಎಳೆದೆ.

ನನ್ನ ಆಫೀಸಿಗೆ ಬಂದಾಗ ಮೂರೂ ಹತ್ತು. ಗಡಿಯಾರದವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಪ್ರೂಫಮ್ಮ ಕರಪತ್ರದಲ್ಲಿ ಹಿಮದ ಗೋಡೆಯ ಚಿತ್ರದ ಮೇಲೆ ಬೆರಳಾಡಿಸುತ್ತಿದ್ದರು. ಅವರಿಗೆ ಹೇಳಿಬಿಡಬೇಕಿತ್ತು. "ಕೊನೇ ಕೆಲಸ ಒಂದಿದೆ, ಸ್ವಲ್ಪ ಮಾತಾಡಿಸಬೇಡಿ," ಎಂದಷ್ಟೇ ಹೇಳಿದೆ.

ಲಾಗಿನ್ ಆಗಲು ಹೋದರೆ ಕಂಪನಿಯ ಪುಟ ತೆರೆಯಲಿಲ್ಲ. ಬಿಳೀ ಪರದೆ, ನಡುವೆ ತಿರುಗುವ ಚಕ್ರ. ಮುಚ್ಚಿ ತೆರೆದೆ. ಮತ್ತೆ ಚಕ್ರ. ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ಇಂಟರ್‌ನೆಟ್ ಪೆಟ್ಟಿಗೆಯ ವೈರು ಕಿತ್ತು ಚುಚ್ಚಿದೆ. ಅಕ್ಕ ಫೋನಿನಲ್ಲಿ, "ಆಯ್ತಾ? ಆಯ್ತಾ?" ಎಂದು ಕೇಳುತ್ತಲೇ ಇದ್ದಳು. "ಸುಮ್ನಿರ್ತೀಯಾ ಸ್ವಲ್ಪ!" ಎಂದು ಕಿರುಚಿದೆ. ಎರಡು ವರ್ಷದ ಮೇಲೆ ಅವಳಿಗೆ ಫೋನಿನಲ್ಲಿ ಆಡಿದ ಮೊದಲ ಮಾತು ಅದು. ಪುಟ ತೆರೆದುಕೊಂಡಾಗ ಮೂರೂ ಐವತ್ತು.

ನನ್ನ ಕುರ್ಚಿಯಿಂದ ಗಾಜಿನಾಚೆ ರಸ್ತೆ, ರಸ್ತೆಯಾಚೆ ಅವಳ ಗಾಜು, ಗಾಜಿನೊಳಗೆ ಅವಳು. ಕಿವಿಗೆ ಫೋನ್ ಹಿಡಿದು ನನ್ನ ಕಡೆಯೇ ನೋಡುತ್ತಿದ್ದಳು. ಪರದೆಯ ಮೇಲೆ 'ಈ ಬುಕಿಂಗ್ ರದ್ದು ಮಾಡಬೇಕೇ?' ಎಂದು ಪ್ರಶ್ನೆ. ಕೆಳಗೆ ಹೌದು, ಇಲ್ಲ. ನನ್ನ ಬೆರಳು ಮೌಸಿನ ಮೇಲೆ ಮರಗಟ್ಟಿತ್ತು. ಹನ್ನೊಂದು ಜನ ಟೀಚರುಗಳು ಬಂದರಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದದ್ದು ಕಣ್ಣಮುಂದೆ ಬಂತು. ಹಿಡಿಯುತ್ತಾಳೆಂದು ನಾನು ಬಿಡಬೇಕು. ನಾನು ಬಿಡುತ್ತೇನೆಂದು ಅವಳು ಹಿಡಿಯಬೇಕು. ನಮ್ಮಿಬ್ಬರಿಂದ ಆಗದಿದ್ದ ಕೆಲಸವೇ ಅದು.

"ಬಿಡೇ ಅದನ್ನ!" ಎಂದಳು ಅಕ್ಕ. "ನಾನಿದ್ದೀನಿ, ಬಿಡು!"

ಚಿಕ್ಕಂದಿನ ಆ 'ಬಿಡೇ' ವಾಪಸ್ ಬಂದಿತ್ತು. ನಾನು 'ಹೌದು' ಒತ್ತಿದೆ.

ಅದೇ ಹೊತ್ತಿಗೆ ಒಂದು ಬಸ್ಸು ಬಂದು ಎರಡು ಗಾಜುಗಳ ನಡುವೆ ನಿಂತಿತು. ಅಕ್ಕ ಕಾಣದಾದಳು. ಧ್ವನಿ ಮಾತ್ರ. "ಬಂದಿಲ್ಲ... ಇನ್ನೂ ಬಂದಿಲ್ಲ... ಭರ್ತಿ ಅಂತಲೇ ತೋರಿಸ್ತಿದೆ..." ಬಸ್ಸಿನಿಂದ ಜನ ಇಳಿದರು, ಜನ ಹತ್ತಿದರು. ಒಬ್ಬಾತ ಹತ್ತಿದವನು ಮತ್ತೆ ಇಳಿದು ಡ್ರೈವರನ ಜತೆ ಏನೋ ವಾದ ಮಾಡುತ್ತಿದ್ದ. "ಬಂದಿಲ್ಲ... ಬಂತು! ಬಂತು ಕಣೇ! ಹೆಸರು ಹಾಕ್ತಿದ್ದೀನಿ..."

ಕೀಲಿಗಳ ಸದ್ದು ಕೇಳಿತು. ಆಮೇಲೆ ಸದ್ದು ನಿಂತಿತು.

"ಅಕ್ಕಾ?"

ಬಸ್ಸು ಹೊರಟಿತು. ಗಾಜಿನೊಳಗೆ ಅಕ್ಕ ಎದ್ದು ನಿಂತಿದ್ದಳು, ಒಂದು ಕೈ ತಲೆಯ ಮೇಲೆ.

"ಹೋಯ್ತು," ಎಂದಳು. "ಎರಡನೇ ಹೆಸರು ಹಾಕೋಷ್ಟರಲ್ಲಿ ಯಾರೋ ಎತ್ಕೊಂಡ್ರು."

ಆಮೇಲೆ ನಾನಾಡಿದ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ಬೇಕಂತಲೇ ಬಿಟ್ಯಾ?" ಎಂದೆ.

ತಿರುಗಿ ಬೈಯುತ್ತಾಳೆ, ಫೋನ್ ಕುಕ್ಕುತ್ತಾಳೆ ಅಂದುಕೊಂಡೆ. ಅವಳು "ಫೋನ್ ಇಡಬೇಡ," ಎಂದಳು, ಅಷ್ಟೇ. ಮೇಜಿನ ಮೇಲಿದ್ದ ಇನ್ನೊಂದು ಫೋನ್ ಎತ್ತಿ ಕಂಪನಿಗೆ ಹಚ್ಚಿದಳು. ಅಲ್ಲಿಯ ಕಾಯಿಸುವ ಸಂಗೀತ ಅವಳ ಒಂದು ಕಿವಿಯಿಂದ ಇನ್ನೊಂದು ಕಿವಿಯ ಫೋನಿಗೆ ಬಂದು ನನಗೂ ಕೇಳತೊಡಗಿತು. ಒಂದೇ ರಾಗ, ಸುತ್ತಿ ಸುತ್ತಿ. 'ನಿಮ್ಮ ಕರೆ ನಮಗೆ ಮುಖ್ಯ' ಎಂದು ಒಬ್ಬಳು ನಡುನಡುವೆ ಹೇಳುತ್ತಿದ್ದಳು. ನಾಲ್ಕು ಗಂಟೆ ಆಯಿತು. ನಾಲ್ಕೂ ಹತ್ತಾಯಿತು. ಗಡಿಯಾರದವರು ನನ್ನ ಮುಖವನ್ನೇ ನೋಡುತ್ತಿದ್ದರು. ಕಿವಿ ನಿಂತ ಗಡಿಯಾರಕ್ಕೆ ಕೊಟ್ಟ ಹಾಗೆ ಮುಂದಕ್ಕೆ ಬಾಗಿತ್ತು.

ನಾಲ್ಕೂ ಹದಿನೇಳಕ್ಕೆ ಸಂಗೀತ ನಿಂತಿತು. ಅಕ್ಕ ಬೇಡಿಕೊಳ್ಳುವುದು ಕೇಳಿತು. ನನ್ನ ಅಕ್ಕ ಯಾರನ್ನೂ ಬೇಡಿದವಳಲ್ಲ. ಹೆಡ್‌ಮೇಡಂ ಮೇಜು ಗುದ್ದಿದಾಗಲೂ ತಲೆ ಬಗ್ಗಿಸಿದವಳಲ್ಲ. "ಮೇಡಂ, ತಪ್ಪು ನಮ್ಮದು, ಏಜೆಂಟರದ್ದು. ಪ್ರಯಾಣಿಕರದ್ದಲ್ಲ. ದಯವಿಟ್ಟು ಇನ್ನೊಂದ್ಸಲ ನೋಡಿ. ಯಾವುದಾದ್ರೂ ಸರಿ. ರಿಪೇರಿಗೆ ಅಂತ ಮುಚ್ಚಿಟ್ಟಿರೋದು ಒಂದಾದ್ರೂ ಇರುತ್ತೆ, ನೋಡಿ ಮೇಡಂ." ನಮ್ಮದು ಎಂದಳು. ತಂಗಿಯದು ಎನ್ನಲಿಲ್ಲ.

ನಾಲ್ಕೂ ಮೂವತ್ತೊಂದಕ್ಕೆ ಅವಳು ಗಾಜಿನ ಆಚೆಯಿಂದ ಕೈ ಎತ್ತಿದಳು.

"ಸಿಕ್ತು. ಡೆಪಾಸಿಟ್ ಜೋಡಿಸಿದ್ದೀನಿ, ರಿಯಾಯಿತಿ ಬಂದಿದೆ. ಆದ್ರೆ ಬಾಲ್ಕನಿ ಇಲ್ಲ ಕಣೇ. ಎಲ್ಲಕ್ಕಿಂತ ಕೆಳಗಿನ ಮಹಡಿ. ನಲ್ಲಿ ಸೋರುತ್ತೆ ಅಂತ ಮುಚ್ಚಿಟ್ಟಿದ್ರಂತೆ, ರಿಪೇರಿ ಮಾಡಿಸಿ ಕೊಡ್ತಾರೆ. ಒಂದು ಗುಂಡು ಕಿಟಕಿ ಇದೆ, ತೆರೆಯೋಕಾಗಲ್ಲ, ಊಟದ ತಟ್ಟೆಯಷ್ಟು ಅಗಲ." ಆಮೇಲೆ ಧ್ವನಿ ಇಳಿಸಿ, "ಐದರೊಳಗೆ ಇಬ್ಬರೂ ಇಲ್ಲಿ ಬಂದು ಅರ್ಜಿಗೆ ಸಹಿ ಹಾಕ್ಬೇಕು. ಕರ್ಕೊಂಡು ಬಾ," ಎಂದಳು.

ಫೋನ್ ಇಟ್ಟು ಅವರ ಕಡೆ ತಿರುಗಿದೆ. ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ. ಶುರು ಮಾಡಿದ ಮೇಲೆ ನಿಲ್ಲಿಸಲು ತಿಳಿಯಲಿಲ್ಲ. ನಂಬರಿನ ವಿಷಯ, ಕಳಿಸದ ಪತ್ರದ ವಿಷಯ, ಕೈ ತಪ್ಪಿದ ಬಾಲ್ಕನಿಯ ವಿಷಯ ಎಲ್ಲ ಹೇಳಿದೆ. ಮೂರು ವಾರದ ಹಿಂದೆಯೇ ಗೊತ್ತಿತ್ತು ಎಂದೂ ಹೇಳಿದೆ. "ಆವತ್ತೇ ಎದುರುಗಡೆ ಹೋಗಿದ್ರೆ ಬಾಲ್ಕನಿ ಉಳೀತಿತ್ತು. ಆ ವಾರ ಹಡಗಲ್ಲಿ ಇನ್ನೂ ಜಾಗ ಇತ್ತು. ಅಕ್ಕನ ಮುಖ ನೋಡೋಕೆ ಇಷ್ಟ ಇರ್ಲಿಲ್ಲ ಅಂತ ಹೋಗ್ಲಿಲ್ಲ. ನಿಮಗೆ ಸುಳ್ಳು ಹೇಳಿದೆ. ತಪ್ಪಾಯ್ತು."

ಗಡಿಯಾರದವರು ಎದ್ದು ನಿಂತರು. ಸಣ್ಣ ಆಳು. ಇಷ್ಟು ವರ್ಷದಲ್ಲಿ ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ. "ಮೂರು ವಾರಾನಾ?" ಎಂದರು. "ನಾನು ಗಡಿಯಾರ ರಿಪೇರಿ ಮಾಡೋನು. ಮೂರು ವಾರ ಅಂದ್ರೆ ಎಷ್ಟು ಅಂತ ನನಗೆ ಹೇಳ್ಕೊಡಬೇಡಿ. ಇವಳು ದಿನಾ ಬೆಳಿಗ್ಗೆ ಎದ್ದು ಗೋಡೆ ಮೇಲಿನ ಕ್ಯಾಲೆಂಡರ್ ಎಷ್ಟು ಕಾಣುತ್ತೆ ಅಂತ ನೋಡ್ಕೋತಾಳೆ. ಮೊದಲು ಎರಡೂ ಪಕ್ಕದ ಕಿಟಕಿ ಕಾಣ್ತಿತ್ತು. ಆಮೇಲೆ ಕ್ಯಾಲೆಂಡರ್ ಮಾತ್ರ. ಈ ಮೂರು ವಾರದಲ್ಲಿ ಭಾನುವಾರದ ಸಾಲು ಹೋಯ್ತು. ಗೊತ್ತಾ ನಿಮಗೆ?"

ನಾನು ತಲೆ ತಗ್ಗಿಸಿ ನಿಂತೆ. ಅವರು ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದೆ.

"ಗಂಟೆ ಎಷ್ಟು?" ಎಂದರು ಪ್ರೂಫಮ್ಮ.

"ನಾಲ್ಕೂ ನಲವತ್ತು," ಎಂದರು ಗಡಿಯಾರದವರು ವಾಚ್ ನೋಡದೆ.

"ಹಾಗಾದ್ರೆ ಬೈಯೋದು ಆಮೇಲೆ ಇಟ್ಕೊಳ್ಳಿ. ಈಗ ನಡೀರಿ."

ಮೂವರೂ ಹೊರಗೆ ಬಂದೆವು. ಪ್ರೂಫಮ್ಮನ ಎಡಗೈಯನ್ನು ಗಂಡ ಹಿಡಿದುಕೊಂಡರು. ಬಲಗೈಯನ್ನು ನಾನು ಹಿಡಿಯಲೋ ಬೇಡವೋ ಎಂದು ಅನುಮಾನಿಸುತ್ತಿದ್ದಾಗ ಪ್ರೂಫಮ್ಮನೇ ಕೈ ಚಾಚಿ ನನ್ನ ಮೊಣಕೈ ಹಿಡಿದರು. ಬಲಗಡೆಯಿಂದ ಸೈಕಲ್ಲೊಂದು ಹಾದುಹೋಯಿತು. ಮೈಗೆ ಗಾಳಿ ಬಡಿಯುವವರೆಗೂ ಅವರಿಗೆ ಅದು ಗೊತ್ತಾಗಲಿಲ್ಲ. ಬೆಚ್ಚಿಬಿದ್ದು ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಬೆರಳುಗಳು ತಣ್ಣಗಿದ್ದವು. ರಸ್ತೆ ದಾಟಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಅಕ್ಕ ಬಾಗಿಲು ಎತ್ತಿ ತೆರೆದು ಹಿಡಿದು ನಿಂತಿದ್ದಳು. ಬೆಂಚನ್ನು ದಾರಿಯಿಂದ ಪಕ್ಕಕ್ಕೆ ಎಳೆದಿಟ್ಟಿದ್ದಳು. ಅರ್ಜಿ ಮೇಜಿನ ಮೇಲೆ ಸಿದ್ಧವಿತ್ತು. ಗಡಿಯಾರದವರು ನಮ್ಮಿಬ್ಬರ ಕಡೆ ಮುಖವೆತ್ತದೆ ಸಹಿ ಹಾಕಿದರು. ಪ್ರೂಫಮ್ಮ ಕೈಚೀಲದಿಂದ ಅಳತೆಪಟ್ಟಿ ತೆಗೆದು, ಸಾಲಿನ ಕೆಳಗೆ ಇಟ್ಟು, ಅರ್ಜಿಯನ್ನು ಮೊದಲಿನಿಂದ ಓದತೊಡಗಿದರು. ಹೆಸರು, ವಯಸ್ಸು, ಹಡಗು, ದಿನಾಂಕ. ನಾಲ್ಕೂ ನಲವತ್ತೊಂಬತ್ತು. ಬೇಗ ಎನ್ನಲು ನಮ್ಮಿಬ್ಬರಿಗೂ ಧೈರ್ಯವಿರಲಿಲ್ಲ. ಕ್ಯಾಬಿನ್ನಿನ ವಿವರದ ಸಾಲಿಗೆ ಬಂದಾಗ ಪಟ್ಟಿ ನಿಂತಿತು.

"ಕ್ಷಮಿಸಿಬಿಡಿ," ಎಂದಳು ಅಕ್ಕ. ಮೂರು ಕಾಗದಗಳೂ ಅಲ್ಲೇ ಮೇಜಿನ ಮೇಲಿದ್ದವು. ಅವುಗಳನ್ನು ಅವಳು ಮುಚ್ಚಿಟ್ಟಿರಲಿಲ್ಲ. "ನನಗೂ ಮೂರು ತಿಂಗಳಿಂದ ಗೊತ್ತಿತ್ತು. ದೊಡ್ಡ ಬಾಲ್ಕನಿ ಸಿಗ್ತಿತ್ತು ನಿಮಗೆ. ಈಗ ಬರೀ ಒಂದು ಗುಂಡು ಕಿಟಕಿ..."

ಪ್ರೂಫಮ್ಮ ಮುಖವೆತ್ತಿದರು. ಮೊದಲು ಅಕ್ಕನನ್ನು ನೇರ ಎದುರಿಗೆ ತಂದುಕೊಂಡು ನೋಡಿದರು. ಆಮೇಲೆ ಇಡೀ ತಲೆ ತಿರುಗಿಸಿ ನನ್ನನ್ನು ನೋಡಿದರು. ನಾವಿಬ್ಬರೂ ಒಂದು ಗೇಣು ಅಂತರದಲ್ಲಿ ನಿಂತಿದ್ದೆವು. ಆದರೂ ಇಬ್ಬರೂ ಒಟ್ಟಿಗೆ ಅವರ ಕಣ್ಣಿಗೆ ಬೀಳಲಿಲ್ಲ.

"ಗುಂಡು ಕಿಟಕಿ ಸಾಕಮ್ಮಾ," ಎಂದರು. "ನನಗೆ ಈಗ ಕಾಣೋದೂ ಅಷ್ಟೇ. ಗುಂಡಗೆ, ತಟ್ಟೆಯಷ್ಟು."

ಅವರು ಅಳತೆಪಟ್ಟಿಯನ್ನು ಕೊನೆಯ ಸಾಲಿಗೆ ಇಳಿಸಿ, ಸಹಿ ಮಾಡುವ ಜಾಗ ಎಲ್ಲಿ ಎಂದು ಕೇಳಿದರು. ತೋರಿಸಲು ಅಕ್ಕನೂ ನಾನೂ ಒಟ್ಟಿಗೆ ಬೆರಳು ಇಟ್ಟೆವು.